ನಾತಾಳ ಜತ್ರೆಯ ಹಸಿರು ಬಳೆ

ಅವರ್ಸೆಯಲ್ಲಿ ಆ ದಿನ ಬೆಳಗಿನಿಂದ ಹಿಡಿದ ಮಳೆ ಕತ್ತಲಾದರೂ ಬಿಟ್ಟಿರಲಿಲ್ಲ. ಕರೆಂಟು ಹೋಗಿತ್ತು. ಜಗಲಿಯಲ್ಲಿ ಚಿಮಣಿ ದೀಪದ ಸುತ್ತ ನಾನು, ತಂಗಿ ಜಯಂತಿ ಮತ್ತು ನಮ್ಮನ್ನು ಹೆತ್ತ ಅವ್ವಿ ದುರ್ಗಾ ಕೂತಿದ್ದೆವು. ಅವ್ವಿಯ ತಾಯಿ ಕಾಶಿ ಅಜ್ಜಿ ಗೋಡೆಗೊರಗಿ ಎಲೆ-ಅಡಿಕೆ ಕುಟ್ಟುತ್ತಿದ್ದಳು. ಜಯಂತಿ ಕಾರವಾರದಿಂದ ತಂದ ಹೊಸ ಬಳೆ ತೊಟ್ಟು ಕೈ ಆಡಿಸಿದ್ದೇ ತಡ, ಕುಟ್ಟುವ ಸದ್ದು ನಿಂತಿತು.

"ಎರಡು ಬಳೆ ಎತ್ತಿಟ್ಟೀಯೇನೇ?"

"ಯಾರಿಗಜ್ಜಿ?" ಎಂದು ಜಯಂತಿ ನಕ್ಕಳು. ಅಜ್ಜಿಯ ಸಿಟ್ಟು ನಮಗೆ ಹೊಸದಲ್ಲ. ಆದರೆ ಅವತ್ತು ಅವಳು ಕುಟ್ಟಾಣಿ ಬದಿಗಿಟ್ಟು ನಮ್ಮ ಕಡೆ ತಿರುಗಿ ಕೂತಳು.

"ಹಲ್ಲು ಕಿಸೀಬೇಡ, ಕೇಳು... ಅಂಕೋಲೆಯಲ್ಲಿ ಜನ ಉಪ್ಪು ಮಾಡಿ ಜೈಲಿಗೆ ಹೋದ್ರಲ್ಲ, ಅದಾಗಿ ಮೂರ್ನಾಲ್ಕು ವರ್ಷಕ್ಕೆ ನಾನು ಈ ಮನೆಗೆ ಬಂದೆ. ನಿಮ್ಮಜ್ಜಂಗೆ ನಾನು ಎರಡನೇ ಹೆಂಡ್ತಿ. ಮೊದಲಿನವಳು ನಾಗು, ಚೊಚ್ಚಲ ಹೆರಿಗೆಯಲ್ಲೇ ಕೂಸಿನ ಸಂಗ್ತಿಗೇ ಸತ್ತವಳು. ನನ್ನ ಅತ್ತೆ ಹೊಸ್ತಿಲು ದಾಟಿಸೂಕೆ ಮುಂಚೆ ಒಂದೇ ಮಾತು ಹೇಳಿದ್ಳು. 'ಕಾಶೀ, ನಿಂಗೆ ಹೊಸದು ಎಂತದೇ ಬರ್ಲಿ, ಮೊದಲ ಪಾಲು ನಾಗುಗೆ ಎತ್ತಿಡು. ನೀ ಎತ್ತಿಡದಿದ್ರೆ ಅವಳೇ ಬಂದು ತಕ್ಕಂತಾಳೆ.' ಸೀರೆ ಬಂದ್ರೆ ಒಂದು ರಾತ್ರೆ ಅವಳ ಪೆಟ್ಟಿಗೆ ಮೇಲೆ ಇಟ್ಟೇ ಉಡ್ತಿದ್ದೆ, ಹೂವಾದ್ರೆ ಒಂದು ತುಂಡು... ಒಂದಿನಾನೂ ತಪ್ಪಿಸ್ಲಿಲ್ಲ.

"ಮರುವರ್ಷ ನಾನು ಬಸುರಿ. ಕಾರವಾರದಲ್ಲಿ ಸಮುದ್ರದ ಬದಿಗೆ ಹಳೇ ಕಲೆಕ್ಟರ ಕಾಲದ ಸರ್ಕಾರಿ ತೋಟ ಇದ್ದಿತ್ತು, ಅಲ್ಲಿ ಕಿರಿಸ್ತಾನರ ನಾತಾಳ ಹಬ್ಬಕ್ಕೆ ಜತ್ರೆ ಹಾಕಿದ್ರು. ನಾನೂ ನಿಮ್ಮಜ್ಜನೂ ಮೋಟಾರು ಹತ್ತಿ ಹೋದ್ವು. ಅಯ್ಯಯ್ಯೋ, ಎಂತಾ ಚಂದ! ಗಾಳಿಮರಕ್ಕೆಲ್ಲ ಕಾಗದದ ನಕ್ಷತ್ರ, ಗ್ಯಾಸಿನ ದೀಪ, ಗೋವೆಯ ಬ್ಯಾಂಡು, ಗರಗರ ತಿರುಗೂ ಮರದ ಕುದುರೆ, ಮೇಲಿಂದ ಹಿತವಾದ ಚಳಿ... ಅಷ್ಟು ಚಂದದೊಳಗೆ ಸತ್ತವರ ನೆನಪು ಯಾರಿಗೆ ಬತ್ತದೆ, ನೀನೇ ಹೇಳು?

"ಬಳೆಗಾರನ ಎದುರಿಗೆ ಕೂತು, ಹಸಿರು ಬಳೆ ತೋರಿಸಿ ಕೈ ಚಾಚಿದೆ. ಜನ ಅಂದ್ರೆ ಜನ, ಹಿಂದೆ ಮುಂದೆ ಒತ್ತಿ ನಿಂತಿದ್ರು. ಅಂವ ಪಕ್ಕದವರ ಹತ್ರ ಮಾತಾಡ್ತಾ, ನೋಡದೇನೆ, ಬೆರಳು ಒತ್ತಿ ಒತ್ತಿ ಒಂದೊಂದೇ ಏರಿಸ್ತಿದ್ದ. ನಾನು ಬ್ಯಾಂಡಿನ ಕಡೆ ಕತ್ತು ತಿರುಗಿಸಿದ್ದೆ. 'ನಿನ್ನ ಕೈ ಎಷ್ಟು ತಂಪು ತಂಗೀ' ಅಂದ. ಆದ್ರೆ ನನ್ನ ಕೈ ಯಾರೂ ಮುಟ್ಟಿದಂಗೇ ಇಲ್ಲ! ತಿರುಗಿ ನೋಡ್ತೆ... ನನ್ನ ಕೈ ಚಾಚಿದಲ್ಲೇ ಅದೆ, ಬರಿಗೈ. ಅದರ ಬದಿಗೇ, ನನ್ನ ಹೆಗಲ ಮೇಲಿಂದ, ಇನ್ನೊಂದು ಕೈ! ಮುಂಗೈ ತುಂಬ ಹಸಿರು ಬಳೆ. ಬೆರಳ ಹತ್ರ ಎಣ್ಣೆ ಸಿಡಿದು ಸುಟ್ಟ ಕಲೆ.

"ಹಿಂದೆ ನಿಂತ ನಿಮ್ಮಜ್ಜ ಆ ಕಲೆ ನೋಡಿ 'ನಾಗೂ!' ಅಂತ ಕಿರುಚಿದ. ಕೈ ಸರಕ್ಕನೆ ಹಿಂದೆ ಹೋಯ್ತು. ತಿರುಗಿದ್ರೆ ನನ್ನ ಬೆನ್ನಿಗೆ ನಿಮ್ಮಜ್ಜ ಒಬ್ನೇ, ಮುಖದಲ್ಲಿ ರಕ್ತ ಇಲ್ಲ... ಬಳೆ ಸದ್ದು ಮಾತ್ರ ತೋಟದ ಗೇಟಿನವರೆಗೂ ಕೇಳ್ತೇ ಇತ್ತು.

"ದಿನ ತುಂಬಿ ನಂಗೆ ನೋವು ಬಂತು, ಕೂಸು ಬರ್ಲೇ ಇಲ್ಲ. ಸೂಲಗಿತ್ತಿ ಸುಕ್ರಿ ಕೈ ಚೆಲ್ಲಿದ್ಳು. ಆಗ, ನನ್ನ ತಲೆದೆಸೆಗೆ, ಅದೇ ಬಳೆ ಸದ್ದು... ನಂಗೆ ಎಂತ ಬೇಕಿತ್ತು? ಕೂಸು ಉಳೀಬೇಕಿತ್ತು, ಅಷ್ಟೇ. ಕೂಗಿ ಹೇಳ್ದೆ. 'ನಾಗಕ್ಕಾ, ಬಳೆ ಎತ್ತಿಡೂಕೆ ಮರ್ತೆ. ಇದನ್ನ ಮರೆಯೂದಿಲ್ಲ. ಮೊದಲ ಪಾಲು ನಿಂದು. ಈ ಕೂಸು ನಿಂಗೇ ಎತ್ತಿಟ್ಟೆ, ಜೀವ ಒಂದು ಬಿಡು!' ಮಾತು ಮುಗಿಯೂದ್ರೊಳಗೆ ಕೂಸು ಅತ್ತಿತು."

ಮೊದಲ ಕೂಸು ಎಂದರೆ ಅವ್ವಿ! ನಾನು ಅವಳ ಕಡೆ ತಿರುಗಿದೆ. ಅವ್ವಿ ತಲೆ ತಗ್ಗಿಸಿ ಕೂತಿದ್ದಳು.

"ಅಜ್ಜೀ, ಸಾಕಿದ್ದು ನೀನೇ ಅಲ್ವಾ?" ಎಂದೆ.

"ಹಾಲು ಕುಡಿಸಿದೆ. ಸಾಕಿದ್ದು...? ನಿಮ್ಮವ್ವಿ ನನ್ನನ್ನ ಚಿಕ್ಕವ್ವಿ ಅಂತ ಕರೀತಾಳಲ್ಲ, ಹೆತ್ತವಳನ್ನ ಯಾರಾದ್ರೂ ಹಂಗೆ ಕರೀತಾರಾ? ದಿನಾ ಬೆಳಗಾದ್ರೆ ಜಡೆ ಹೆಣೆಸಿಕಂಡು, ಹೂ ಮುಡಿಸಿಕಂಡು ಕೋಣೆಯಿಂದ ಹೊರಗೆ ಬತ್ತಾಳಲ್ಲ, ಯಾರು ಹೆಣೀತಾರೆ ಅಂತ ಮಾಡಿದ್ರಿ?"

"ನೀನೇ ಅಂತ..."

"ನನ್ನ ಮಗಳ ಕೂದಲು ಮುಟ್ಟಿದ್ರೆ ಹೆಂಗಿರ್ತದೆ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ, ಮಗಾ."

ಅಜ್ಜಿ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಜಯಂತಿ ಅವಳ ಬದಿಗೆ ಸರಿದು ಕೂತಳು. ಆಗ ಒಳಕೋಣೆಯ ಕತ್ತಲಲ್ಲಿ ಬಳೆ ಸದ್ದಾಯಿತು. ಅವ್ವಿ ಎದ್ದಳು.

"ಬಂದೆ ಅವ್ವೀ" ಎನ್ನುತ್ತ ದೀಪವಿಲ್ಲದೆ ಒಳಗೆ ಹೋದಳು.

ಅಜ್ಜಿ ಜಯಂತಿಯ ಕೈ ಹಿಡಿದೆಳೆದಳು.

"ಎರಡು ಬಳೆ ಬಿಚ್ಚು, ಲಗೂ ಬಿಚ್ಚು... ಹೊಸ ಬಳೆ ಸದ್ದು ಅವಳೂ ಕೇಳಿದಾಳೆ."