ಮೂರು ವಾರ ಕಟ್ಟಿಹಾಕಿದ ನಾಯಿ

ಇಂಗ್ಲೆಂಡಿನ ಪೆನ್ರಿತ್‌ನಲ್ಲಿ ಪಶುವೈದ್ಯರ ಕೋಣೆಯ ಹೊರಗಿನ ಹಾಲ್‌ನಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದೆ. ಎದುರಿಗೆ ಕುರಿ ಸಾಕುವ ಮೇವಿಸ್, ಕೆಸರುಬೂಟು ಹಾಕಿಕೊಂಡೇ ಬಂದಿದ್ದಳು. ಅವಳ ತಮ್ಮ ಕೀತ್ ತನ್ನ ನಾಯಿ ಹಿಡಿದುಕೊಂಡು ಒಳಗೆ ಬಂದ.

"ಕುರಿ ಹೇಗಿವೆ ಅಕ್ಕ?"

"ನಾಲ್ಕು ಸತ್ವು. ಇನ್ನೆರಡು ಎದ್ದೇಳ್ತಿಲ್ಲ. ಕಣ್ಣಿನ ಆಪರೇಷನ್‌ಗೆ ಹೋಗ್ತೀನಿ, ಕುರಿ ನೋಡ್ಕೋ ಅಂದ್ರೆ, ಚರಂಡಿ ಗೊಬ್ಬರ ಹರಡಿದ ಹುಲ್ಲುಗಾವಲಿಗೆ ಬಿಟ್ಟಿದೀಯಲ್ಲೋ."

"ಹರಡಿ ಎರಡು ವಾರ ಆಗಿತ್ತಕ್ಕ."

"ಮೂರು ವಾರ ಮೇಯಿಸಬಾರದು ಅಂತ ಗೇಟಿಗೇ ಬೋರ್ಡು ಹಾಕಿದ್ರು."

"ಅದು ಶುದ್ಧ ಮಾಡಿ ಕಳಿಸಿದ ಗೊಬ್ಬರ. ವಾಸನೇನೂ ಇರ್ಲಿಲ್ಲ. ಹುಲ್ಲು ಸೊಂಪಾಗಿ ಬಂದಿತ್ತು, ನಿನ್ನ ಕುರಿಗೆ ಒಳ್ಳೇದಾಗ್ಲಿ ಅಂತಾನೇ ಬಿಟ್ಟೆ."

"ಆಯ್ತಲ್ಲ ಒಳ್ಳೇದು."

"ನಿಯಮ ಮಾಡೋರಿಗೇನು, ಕುರ್ಚಿ ಮೇಲೆ ಕೂತು ಬರೀತಾರೆ. ಅದನ್ನೆಲ್ಲ ನೋಡ್ತಾ ಕೂತ್ರೆ ಬೇಸಾಯ ಆಗುತ್ತಾ?"

ನಾಯಿ ಮೇವಿಸ್ ಮೊಣಕಾಲಿಗೆ ಮೂತಿ ಒರಗಿಸಿತು. ಅವಳು ಅದರ ತಲೆ ಸವರಿದಳು.

"ಇದಕ್ಕೇನಾಗಿದೆ?"

"ಉಗುರು ಬೆಳೆದು ಕುಂಟ್ತಿದೆ, ಪಾಪ. ಓಡಾಡಿದ್ರೆ ತಾನೇ ಸವೀತಿತ್ತು. ಮೂರು ವಾರ ಕಟ್ಟಿಹಾಕಿದ್ನಲ್ಲ. ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತೆ, ಆ ಹುಲ್ಲುಗಾವಲಿಗೇನಾದ್ರೂ ನುಗ್ಗಿದ್ರೆ..."

ಮೇವಿಸಳ ಕೈ ನಾಯಿಯ ತಲೆ ಮೇಲೇ ನಿಂತಿತು.

ಒಳಗಿಂದ ಅವಳ ಹೆಸರು ಕೂಗಿದರು. ಎದ್ದಳು.

"ಬೋರ್ಡು ಓದೋಕೆ ಬರುತ್ತೆ ಹಾಗಾದ್ರೆ ನಿಂಗೆ," ಅಂದು ಬಾಗಿಲು ಹಾಕಿಕೊಂಡಳು.