ಹೊಲಿದು ಸೇರಿಸಿದ ನಾಲ್ಕು ಹಾಳೆ

ಇಲ್ಲಮ್ಮ, ನಾನ್ಯಾಕೆ ಅಳ್ಲಿ? ಸೋಪಿನ ನೊರೆ ಕಣ್ಣಿಗೆ ಬಿತ್ತು, ಅಷ್ಟೇ. ನಿನ್ನ ಬೆನ್ನಿಗೆ ಹಚ್ಚಿದ ಸೋಪು ನನ್ನ ಕಣ್ಣಿಗೆ ಹೇಗೆ ಬಂತು ಅಂತ ನೋಡ್ತಿದ್ದೀಯ... ಬಂತು. ಬರುತ್ತೆ. ತೋಳೆತ್ತು. ಹ್ಞೂಂ, ಗೊತ್ತು, ಎತ್ತೋಕಾಗಲ್ಲ, ಅಭ್ಯಾಸಕ್ಕೆ ಬಾಯಿಗೆ ಬಂದುಬಿಡುತ್ತೆ. ನಾನೇ ಎತ್ತುತ್ತೀನಿ. ನೀರು ಬಿಸಿ ಸಾಕಾ? ಕಣ್ಣು ಮುಚ್ಚಿದೆ. ಸರಿ, ಸಾಕು.

ನಿನ್ನ ಈ ಕಣ್ಣಿನ ಮಾತು ನನಗೆ ಒಗ್ಗೋಕೆ ಎರಡು ವರ್ಷ ಬೇಕಾಯ್ತು ನೋಡು. ಹೌದು ಅಂದ್ರೆ ಮುಚ್ಚೋದು, ಇಲ್ಲ ಅಂದ್ರೆ ಬಿಟ್ಟುಕೊಂಡೇ ಇರೋದು. ಆಸ್ಪತ್ರೆಯಿಂದ ಬರ್ತಿದ್ದ ಆ ನರ್ಸಮ್ಮ ಕಲಿಸಿಕೊಟ್ಟು ಹೋದಳು. ಒಂದು ಹೌದು ಹೇಳೋಕೆ ಅರ್ಧ ಗಂಟೆ ಪೀಠಿಕೆ ಹಾಕ್ತಿದ್ದವಳು ನೀನು! ...ನಗ್ತೀಯ? ತುಟಿ ಒಂದು ಕಡೆ ಮೇಲಕ್ಕೆ ಹೋದ್ರೆ ಸಾಕು, ನನಗೆ ಗೊತ್ತಾಗುತ್ತೆ. ನಗು, ನಗು.

ಏನು ಹೇಳ್ತಿದ್ದೆ... ಹಾಂ. ಬೇಡ ಅಂತ ಹೇಳಿಬಿಟ್ಟೆ. ಅಷ್ಟೇ ಕಥೆ. ಪುಸ್ತಕ ಕಟ್ಟೋಕೆ ಬಂದ ಬೈಂಡರ್ ಹನ್ನೊಂದರ ಬಸ್ಸಿಗೆ ಹೊರಡ್ತಾರೆ. ಮಧ್ಯಾಹ್ನ ಅವರಿದ್ದ ನಾಲ್ಕನೇ ರೂಮು ಗುಡಿಸಿ ಒರೆಸಿದ್ರೆ ಆಯ್ತು, ಸೋಮವಾರ ಯಾರೋ ಔಷಧಿ ಕಂಪನಿಯವರು ಬರ್ತಾರಂತೆ. ನಾವು ಇದ್ದ ಹಾಗೇ ಇದ್ದೀವಿ. ಏನು ಕಳೆದುಹೋಯ್ತು?

ಹಾಗೆ ನೋಡ್ಬೇಡಮ್ಮ.

ಸರಿ, ಮೊದಲಿಂದ ಹೇಳ್ತೀನಿ. ನೀನು ಇಲ್ಲಿ ಮೇಲೆ ಮಲಗಿರ್ತೀಯ, ಕೆಳಗೆ ಊಟದ ಹಾಲಲ್ಲಿ ಐದು ವಾರ ಏನು ನಡೀತು ಅಂತ ನಿನಗೇನು ಗೊತ್ತು. ಗೊತ್ತಾ? ಅಡುಗೆಯವಳು ಹೇಳಿದ್ಳಾ? ಅವಳ ಬಾಯಿಗೆ ಬೀಗ ಹಾಕಬೇಕು! ಅವರಿಗೆ ಅಂಟಪ್ಪ ಅಂತ ಹೆಸರಿಟ್ಟಿದ್ದಾಳೆ, ಅದನ್ನೂ ಹೇಳಿರ್ತಾಳೆ.

ಚರ್ಚಿನ ಮಾಡು ಸೋರಿ ಇನ್ನೂರ ಹನ್ನೆರಡು ಕೀರ್ತನೆ ಪುಸ್ತಕ ನೆನೆದು ಉಬ್ಬಿಹೋದ್ವಲ್ಲ. ಪಾದ್ರಿಗಳು ಹೊಸದು ತರಿಸೋಣ ಅಂದ್ರು, ಹಳಬರು ಹಠ ಹಿಡಿದ್ರು. ನಮ್ಮ ಕೈಗೆ ಪಳಗಿದ ಪುಸ್ತಕ ಬಿಟ್ಟು ನಮಗೆ ಹಾಡೋಕೆ ಬರಲ್ಲ ಅಂತ. ಆ ಮುದುಕರಿಗೆ ಯಾವ ಪುಸ್ತಕ ಕೊಟ್ಟರೂ ಹಾಡೋಕೆ ಬರಲ್ಲ, ಅದು ಬೇರೆ ವಿಷಯ... ಅಂತೂ ಬೈಂಡರನ್ನ ಕರೆಸಿದ್ರು. ಚರ್ಚಿನ ಒಳಕೋಣೆಯಲ್ಲಿ ತೇವ, ಅಲ್ಲಿ ಅಂಟು ಒಣಗಲ್ಲ ಅಂತ ನಮ್ಮ ಊಟದ ಹಾಲಿನ ಉದ್ದ ಮೇಜನ್ನ ಕೇಳಿದ್ರು. ನಾನೂ ಹ್ಞೂಂ ಅಂದೆ. ಎಂಟು ರೂಮಿನ ಲಾಡ್ಜಲ್ಲಿ ಆರು ಖಾಲಿ, ಮೇಜಿಗೇನು ಬರ?

ತಲೆ ಈ ಕಡೆ ತಿರುಗಿಸು. ಕಿವಿ ಹಿಂದೆ ಒರೆಸಬೇಕು. ಹಾಂ, ಹೀಗೆ.

ಮೊದಲ ದಿನ ಅವರು ತಂದಿದ್ದ ಅಂಟು ಹುಳಿ ಹಿಡಿದಿತ್ತು. ಒಂದಿಷ್ಟು ಮೈದಾ ಸಿಗುತ್ತಾ ಅಂತ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ್ರು. ನಾನೇ ಕಾಯಿಸಿಕೊಟ್ಟೆ. ಬೆರಳಲ್ಲಿ ಮುಟ್ಟಿ ನೋಡಿ, 'ಒಂದು ಗಂಟೂ ಇಲ್ಲ, ಇಂಥ ಅಂಟನ್ನ ನಾನು ಇಪ್ಪತ್ತು ವರ್ಷದಲ್ಲಿ ನೋಡಿಲ್ಲ' ಅಂದ್ರು. ನಲವತ್ತಾರು ವರ್ಷಕ್ಕೆ ಒಬ್ಬ ಗಂಡಸು ನನ್ನ ಕೈಯ ಕೆಲಸ ಹೊಗಳಿದ, ಅದೂ ಯಾವುದಕ್ಕೆ? ಅಂಟಿಗೆ! ನಗಬೇಡ ಅಂದ್ರೆ... ಸರಿ, ನಾನೂ ನಕ್ಕೆ ಆವತ್ತು. ಒಲೆ ಕಡೆ ತಿರುಗಿಕೊಂಡು ನಕ್ಕೆ. ಮಾರನೇ ದಿನದಿಂದ ದಿನಾ ಬೆಳಿಗ್ಗೆ ಒಂದು ಪಾತ್ರೆ ಅಂಟು. ಅಡುಗೆಯವಳು ಕೇಳ್ತಾಳೆ, 'ಅಕ್ಕಾ, ತಿನ್ನೋರಿಗೆ ಗಂಜಿ ತಳ ಹಿಡಿದಿದೆ, ಅಂಟನ್ನ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಕದಡ್ತಿದ್ದೀರಲ್ಲ?'

ನಾನು ಎಲ್ಲಿ ಊಟ ಮಾಡ್ತೀನಿ ಅಂತ ನಿನಗೆ ಗೊತ್ತಾ ಅಮ್ಮ? ನಿಂತುಕೊಂಡು. ಸಿಂಕಿನ ಪಕ್ಕ. ನೀನು ಹಾಸಿಗೆ ಹಿಡಿದ ಮೇಲೆ ಒಂದು ತಟ್ಟೆಗೋಸ್ಕರ ಮೇಜು ಒರೆಸೋದು ಯಾಕೆ ಅನ್ನಿಸ್ತು, ಅಭ್ಯಾಸ ಆಗಿಹೋಯ್ತು. ನನಗೇ ಗೊತ್ತಿರಲಿಲ್ಲ ನಾನು ಹಾಗೆ ತಿಂತೀನಿ ಅಂತ. ಅವರು ಕಂಡುಹಿಡಿದ್ರು. ಎರಡನೇ ವಾರ ಒಂದು ಮಧ್ಯಾಹ್ನ, ಪುಸ್ತಕಗಳನ್ನೆಲ್ಲ ಮೇಜಿನ ಆ ತುದಿಗೆ ಸರಿಸಿ, ಈ ಕಡೆ ಒಂದು ತಟ್ಟೆ ಹಿಡಿಯೋವಷ್ಟು ಜಾಗ ಮಾಡಿ, ಕುರ್ಚಿ ಎಳೆದಿಟ್ಟು, 'ಕೂತು ತಿನ್ನಿ' ಅಂದ್ರು. ಅಷ್ಟೇ. ಊಟಕ್ಕೆ ಮುಂಚೆ ತಲೆ ತಗ್ಗಿಸಿ ಪ್ರಾರ್ಥನೆ ಮಾಡಿದ್ರು, 'ನಮಗೆ' ಕೊಟ್ಟ ಈ ಊಟಕ್ಕಾಗಿ ಅಂದ್ರು. ನಮಗೆ ಅಂತೆ.

ದೇವರ ಹತ್ತಿರ ನಾನು ಇದನ್ನೆಲ್ಲ ಕೇಳೋದನ್ನ ಬಿಟ್ಟು ಎಷ್ಟು ಕಾಲ ಆಗಿತ್ತು! ವಯಸ್ಸಲ್ಲಿ ಕೇಳಿದೆ. ಹತ್ತು ವರ್ಷ ಬಿಡದೆ ಕೇಳಿದೆ. ತಂಗಿ ಮದುವೆಯಾಗಿ ಹೋದಳು, ಅವಳ ಮಕ್ಕಳ ಜ್ಞಾನಸ್ನಾನನೂ ಆಯ್ತು. ಆಮೇಲೆ ಬಿಟ್ಟೆ. ಕೊಡೋಕಾಗದ್ದನ್ನ ಕೇಳಿ ಕೇಳಿ ಅವನಿಗಾದ್ರೂ ಮುಜುಗರ ಮಾಡೋದು ಯಾಕೆ ಅಂತ.

ಅವರಿಗೂ ಯಾರೂ ಇಲ್ಲ. ಹೆಂಡತಿ ಹೋಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಸಂಜೆ ಹೊತ್ತು ಅಂಗಡಿ ಮುಚ್ಚಿದ ಮೇಲೆ ಮನೆಗೆ ಹೋಗೋಕೆ ಬೇಜಾರಾಗಿ ಬಸ್ ಸ್ಟ್ಯಾಂಡಲ್ಲಿ ಕೂತಿರ್ತಾರಂತೆ. ಬರೋರನ್ನ ಕರಕೊಂಡು ಹೋಗೋಕೆ ಬಂದವರ ಹಾಗೆ. 'ಯಾರಿಗೆ ಕಾಯ್ತಿದ್ದೀರಿ' ಅಂತ ಯಾರಾದ್ರೂ ಕೇಳಿದ್ರೆ 'ಮುಂದಿನ ಬಸ್ಸಲ್ಲಿ ಬರ್ತಾರೆ' ಅಂತಾರಂತೆ. ನಗ್ತಾ ಹೇಳಿದ್ರು ಅದನ್ನ. ದಾರ ಮೇಣಕ್ಕೆ ಉಜ್ಜುತ್ತಾ.

ಭಾನುವಾರ ಚರ್ಚಿಂದ ಬಂದು ನಿನಗೆ ಬೈಬಲ್ ಓದ್ತಿದ್ರಲ್ಲ, ಇಷ್ಟ ಆಗ್ತಿತ್ತು ಅಲ್ವಾ? ...ಇಷ್ಟು ಗಟ್ಟಿಯಾಗಿ ಮುಚ್ಚಬೇಕಾಗಿಲ್ಲ, ಗೊತ್ತಾಯ್ತು.

ಆ ಬೈಬಲೇ ಎಲ್ಲ ಹಾಳು ಮಾಡಿದ್ದು. ಅಲ್ಲ, ತಪ್ಪು, ಕರ್ತನೇ ಕ್ಷಮಿಸು... ನಮ್ಮ ಮನೆಯ ದೊಡ್ಡ ಬೈಬಲ್, ಅಜ್ಜಂದು, ಬೆನ್ನು ಕಿತ್ತುಹೋಗಿತ್ತಲ್ಲ? ಅದನ್ನೂ ಕಟ್ಟಿಕೊಡ್ತೀನಿ ಅಂದ್ರು. ಕೊಟ್ಟೆ. ಮೊದಲ ಪುಟ ನಿನಗೆ ನೆನಪಿದೆ ಅಲ್ವಾ, ಹುಟ್ಟು, ಮದುವೆ, ಸಾವು ಎಲ್ಲ ಬರೆದಿಡೋ ಪುಟ. ಅಜ್ಜನ ಕೈಬರಹ, ಅಪ್ಪಂದು, ಆಮೇಲೆ ನಿನ್ನ ಕೋಳಿಕಾಲು. ತಂಗಿಯ ಮದುವೆ, ಅವಳ ಎರಡು ಮಕ್ಕಳು, ಅಪ್ಪ ಹೋದ ದಿನ. ನನ್ನದು ಮೇಲೆ ಒಂದೇ ಸಾಲು, ಹುಟ್ಟಿದ್ದು. ಆಮೇಲೆ ನನ್ನ ಹೆಸರೇ ಇಲ್ಲ. ಪುಟದ ತಳದಲ್ಲಿ ಒಂದೇ ಒಂದು ಸಾಲಿನ ಜಾಗ ಉಳಿದಿತ್ತಮ್ಮ. ಅದು... ಹೇಳಲಾ? ಬೈಬೇಡ. ಅದು ನಿನಗೆ ಅಂತ ಇಟ್ಟಿದ್ದೆ. ನನ್ನದು ಬರೆಯೋಕೆ ಯಾರೂ ಇರಲ್ಲ, ಹಾಗಾಗಿ ಜಾಗ ಸಾಕು ಅಂದುಕೊಂಡಿದ್ದೆ. ಇದನ್ನೇ ಅವರಿಗೂ ಹೇಳಿದೆ, ತಮಾಷೆಗೆ. ಅವರು ನಗಲಿಲ್ಲ.

ನಿನ್ನೆ ಸಂಜೆ ಬೈಬಲ್ ತಂದುಕೊಟ್ರು. ಬೆನ್ನು ಹೊಸದು, ಕಪ್ಪು ಕ್ಯಾಲಿಕೋ ಬಟ್ಟೆ. ತೆಗೆದು ನೋಡ್ತೀನಿ, ಆ ಪುಟದ ಹಿಂದೆ ನಾಲ್ಕು ಹಾಳೆ. ಬಿಳಿ ಹಾಳೆ. ಹೊಲಿದು ಸೇರಿಸಿಬಿಟ್ಟಿದ್ದಾರೆ! ಯಾರು ಹೇಳಿದ್ದು ನಿಮಗೆ ಅಂತ ಜೋರು ಮಾಡಿದೆ. ನಾಲ್ಕು ಹಾಳೆ ತುಂಬ್ಸೋಕೆ ಈ ಮನೆಯಲ್ಲಿ ಯಾರಿದ್ದಾರೆ ಅಂದೆ. ಅವರು ನಿಧಾನವಾಗಿ, ಕೈಗೆ ಮೆತ್ತಿದ್ದ ಅಂಟನ್ನ ಕೀಳುತ್ತಾ, 'ಮೊದಲ ಸಾಲಿಗೆ ನಾವಿಬ್ಬರು ಆಗಬಹುದಾ ಅಂತ ಕೇಳೋಣ ಅಂತಿದ್ದೆ' ಅಂದ್ರು.

...

ಇಲ್ಲ, ಏನೂ ಇಲ್ಲ. ಬಾಚಣಿಗೆ ಎಲ್ಲಿಟ್ಟೆ ಅಂತ ಹುಡುಕ್ತಿದ್ದೀನಿ. ಕೈಯಲ್ಲೇ ಇದೆ. ಹಾಂ.

ನೀನೇ ಹೇಳು, ನಾನೇನು ಮಾಡ್ಲಿ? ಅವರ ಊರಿಗೆ ಕರೆದ್ರು. ಅಲ್ಲಿ ಅಂಗಡಿ ಇದೆ, ಮನೆ ಇದೆ, ಬನ್ನಿ ಅಂತ. ನಿನ್ನನ್ನ ಬಿಟ್ಟು ಹೋಗ್ಲಾ? ಅಪ್ಪ ಕಟ್ಟಿದ ಲಾಡ್ಜಿಗೆ ಬೀಗ ಜಡೀಲಾ? ನಿನಗೆ ಸ್ನಾನ ಮಾಡ್ಸೋರು ಯಾರು, ಮಗ್ಗುಲು ತಿರುಗ್ಸೋರು ಯಾರು? ನಮ್ಮಮ್ಮನಿಗೆ ನಾನೊಬ್ಬಳೇ ಅಂತ ಹೇಳಿದೆ. ಅರ್ಥ ಮಾಡ್ಕೊಂಡ್ರು. ಒಳ್ಳೆಯವರು. ನಾನು ಮಾಡಿದ್ದು ಸರಿ ತಾನೆ? ...ಅಮ್ಮ, ಸರಿ ತಾನೆ ಅಂತ ಕೇಳಿದೆ.

ಮುಚ್ಚು.

ಇದೇನು, ನಿನಗೋಸ್ಕರ ನಾನು ಇಷ್ಟೆಲ್ಲ... ಒಂದು ಸಲ ಮುಚ್ಚೋಕೆ ಏನು ಕಷ್ಟ? ಯಾಕೆ ಬಾಗಿಲ ಕಡೆ ನೋಡ್ತೀಯ? ಕೆಳಗೆ ಯಾರೂ ಇಲ್ಲ. ಅದು ಅಡುಗೆಯವಳು ಕುರ್ಚಿ ಎಳೆದದ್ದು. ಈಗ ಕಿಟಕಿ ಕಡೆ ಯಾಕೆ ನೋಡ್ತೀಯ? ಅವಳು ಚೀಲ ತಗೊಂಡು ಪೇಟೆಗೆ ಹೋದದ್ದನ್ನ ನೀನು ಕಿಟಕಿಯಿಂದ ನೋಡಿದ್ಯಾ? ನೋಡಿದ್ಯಾ... ಸರಿ. ಹಾಗಾದ್ರೆ ಬೆಕ್ಕಿರಬೇಕು.

ಬೆಕ್ಕು ಕೆಮ್ಮಲ್ಲ. ಗೊತ್ತು.

ಆಯ್ತು, ಅವರೇ. ಅವರೇ ಕೆಳಗೆ ಕೂತಿದ್ದಾರೆ. ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು. ಬಸ್ಸಿಗೆ ಇನ್ನೂ ಹೊತ್ತಿದೆ ಅಂತ... ಹಾಗೆ ದಿಟ್ಟಿಸ್ಬೇಡಮ್ಮ! ಚಿಕ್ಕವಳಿದ್ದಾಗ ಸಕ್ಕರೆ ಡಬ್ಬಿಗೆ ಕೈ ಹಾಕಿದ್ರೂ ಹೀಗೇ ನೋಡ್ತಿದ್ದೆ. ಒಂದು ಮಾತೂ ಆಡದೆ. ದಿನವಿಡೀ ಮಾತಾಡೋಳು ಆವಾಗ ಮಾತ್ರ ಆಡ್ತಿರಲಿಲ್ಲ.

ಅವರ ಊರಿಗೆ ಕರೀಲಿಲ್ಲ.

ಹ್ಞೂಂ. ಕರೀಲಿಲ್ಲ. ನಾನೇ ಅಂದೆ, ಅಮ್ಮನನ್ನ ಬಿಟ್ಟು ಎಲ್ಲಿಗೂ ಬರೋಕಾಗಲ್ಲ ಅಂತ. ಅವರು ಗಾಬರಿಯಾಗಿ, 'ಬಿಡೋದು ಯಾಕೆ? ನಾನೇ ಇಲ್ಲಿಗೆ ಬರ್ತೀನಿ. ನನ್ನ ಕೆಲಸಕ್ಕೆ ಒಂದು ಮೇಜು ಸಾಕು, ಅದು ಇಲ್ಲೇ ಇದೆ. ಅವರನ್ನ ಎತ್ತಿ ಕೂರಿಸೋಕೆ ನಿಮಗೂ ಇನ್ನೊಂದು ಕೈ ಬೇಕು' ಅಂದ್ರು. ಎಲ್ಲ ಯೋಚನೆ ಮಾಡಿಟ್ಟುಕೊಂಡೇ ಬಂದಿದ್ರು ಮನುಷ್ಯ. ನನಗೆ ಹೇಳೋಕೆ ಏನೂ ಉಳೀಲಿಲ್ಲ. ಏನೂ ಉಳೀದೆ ಇದ್ದಾಗ... 'ಅಮ್ಮನನ್ನ ಕೇಳಬೇಕು' ಅಂದುಬಿಟ್ಟೆ. 'ಕೇಳಿ, ಕೇಳಲೇಬೇಕು. ಅವರು ಬೇಡ ಅಂದ್ರೆ ಹನ್ನೊಂದರ ಬಸ್ಸು ಹತ್ತುತ್ತೀನಿ' ಅಂದ್ರು. ಬೇಡ ಅಂತ ನಾನು ಹೇಳೇ ಇಲ್ಲಮ್ಮ. ನಿನ್ನ ಕೈಲಿ ಹೇಳ್ಸೋಣ ಅಂತಿದ್ದೆ. ನಿನಗೆ ಸ್ನಾನ ಮಾಡಿಸಿ, ತಲೆ ಬಾಚಿ, ಕೆಳಗೆ ಹೋಗಿ, ಅಮ್ಮ ಒಪ್ಪಲಿಲ್ಲ ಅನ್ನೋದು. ಮಾತು ಬಾರದವಳು ನೀನು, ನಾನು ಹೇಳಿದ್ದೇ ನಿನ್ನ ಮಾತು. ಯಾರು ಬಂದು ವಿಚಾರಿಸ್ತಾರೆ?

ಯಾಕೆ ಅಂತ ಕೇಳ್ಬೇಡ. ಕೇಳ್ತಿದ್ದೀಯ.

ಭಯ ಅಮ್ಮ. ಇಪ್ಪತ್ತೈದು ವರ್ಷದಿಂದ ಆ ಬಾಗಿಲಲ್ಲಿ ನಿಂತು ಜನರನ್ನ ಕಳಿಸಿಕೊಟ್ಟಿದ್ದೀನಿ. 'ಮತ್ತೆ ಬನ್ನಿ' ಅಂತೀನಿ, ಕೈ ಬೀಸ್ತೀನಿ, ಒಳಗೆ ಬಂದು ಹಾಸಿಗೆ ಕೀಳ್ತೀನಿ. ಹೋಗೋರನ್ನ ಏನು ಮಾಡಬೇಕು ಅಂತ ನನಗೆ ಗೊತ್ತು. ಉಳೀತೀನಿ ಅನ್ನೋರನ್ನ ಏನು ಮಾಡೋದು? ಬೆಳಿಗ್ಗೆ ಏನು ಮಾಡಿದೆ ಗೊತ್ತಾ... ಅವರು ಮುಖ ತೊಳೆಯೋಕೆ ಹೋಗಿದ್ರು, ನಾನು ನಾಲ್ಕನೇ ರೂಮಿಗೆ ನುಗ್ಗಿ ಹಾಸಿಗೆ ಬಟ್ಟೆಯೆಲ್ಲ ಕಿತ್ತುಹಾಕಿದೆ. ಗಿರಾಕಿ ಬೀದಿ ತಿರುವು ದಾಟೋವರೆಗೆ ಹಾಸಿಗೆ ಮುಟ್ಟಬಾರದು, ಓಡಿಸಿದ ಹಾಗಾಗುತ್ತೆ ಅಂತ ನೀನೇ ಕಲಿಸಿದ್ದೆ. ಮುಟ್ಟಿದೆ. ಅವರು ವಾಪಸು ಬಂದು ನೋಡಿದ್ರು. ಬರೀ ಹಾಸಿಗೆ. ನನ್ನ ಕೈಯಿಂದ ಹೊದಿಕೆಯ ಇನ್ನೊಂದು ತುದಿ ತಗೊಂಡು, ನನ್ನ ಜೊತೆ ನಿಂತು ಮಡಿಚಿಕೊಟ್ರು.

ಹತ್ತೂ ಮುಕ್ಕಾಲು ಆಯ್ತಾ? ಗಂಟೆ ಹೊಡೀತು.

ಹೋಗ್ತಾರೆ ಬಿಡು. ಹೋಗ್ಲಿ. ನೀನು ಸುಮ್ಮನೆ ಒಪ್ಪಿಗೆ ಕೊಡು ನನಗೆ. 'ಅಮ್ಮ ಬೇಡ ಅಂದಳು' ಅಂತ ಕೆಳಗೆ ಹೋಗಿ ಹೇಳಿಬಿಡ್ತೀನಿ. ಹೇಳು ಅಂದ್ರೆ ಕಣ್ಣು ಮುಚ್ಚು. ಒಂದು ಸಲ ಮುಚ್ಚು, ಸಾಕು.

ಅಮ್ಮ.

ಮುಚ್ಚಮ್ಮ.

ಎಷ್ಟು ಹೊತ್ತು ಹೀಗೆ ಬಿಟ್ಟುಕೊಂಡಿರ್ತೀಯ? ಕೆಂಪಾಗ್ತಿದೆ. ನೀರು ತುಂಬಿಕೊಳ್ತಿದೆ ನೋಡು. ಉರಿಯಲ್ವಾ? ಸರಿ, ಉತ್ತರ ಅಂತ ನಾನು ಲೆಕ್ಕಕ್ಕೆ ತಗೊಳ್ಳಲ್ಲ, ಸುಮ್ಮನೆ ಮುಚ್ಚು, ರೆಪ್ಪೆ ಬಡಿ... ಬಡಿಯಲ್ಲ ಅಂತೀಯ. ಅಯ್ಯೋ, ಕೆನ್ನೆ ಮೇಲೆ ಇಳೀತಿದೆ. ಇರು, ಒರೆಸ್ತೀನಿ. ಒರೆಸಿದ್ರೂ ಮುಚ್ಚಲ್ವಾ? ನನ್ನ ಸುಳ್ಳಿಗೆ ಸಾಕ್ಷಿ ಹೇಳಬಾರದು ಅಂತ ಇಷ್ಟು ಹಠವಾ? ಯಾರ ಮಗಳಮ್ಮ ನೀನು...

ಕುರ್ಚಿ ಸರೀತು ಕೆಳಗೆ. ಎದ್ರು. ಪೆಟ್ಟಿಗೆ ಎತ್ತಿಕೊಂಡ್ರು ಅನ್ಸುತ್ತೆ.

ರೀ... ರೀ, ಒಂದು ನಿಮಿಷ ನಿಂತ್ಕೊಳ್ಳಿ! ಇಲ್ಲ, ಬಸ್ಸಿಗಲ್ಲ... ಅಲ್ಲೇ ಇರಿ, ನಾನೇ ಬರ್ತೀನಿ!

ಹೋಗ್ತೀನಮ್ಮ. ನಿಜ ಹೇಳೋಕೇ ಹೋಗ್ತಿದ್ದೀನಿ, ಸೀರೆ ಒದ್ದೆಯಾಗಿದ್ರೆ ಆಗ್ಲಿ. ಹೋಗ್ತೀನಿ ಅಂದೆನಲ್ಲ, ಈಗಾದ್ರೂ ಕಣ್ಣು ಮುಚ್ಚು.