ಬಾಲು ಎಲ್ಲಿ ಬಿತ್ತು ಅಂದರೆ ಸಾಕು

ಹಾಗಲ್ಲ ಕಣೇ ಪದ್ಮಾ, ನಾನು ಹೇಳೋದು ಪೂರ್ತಿ ಕೇಳು. ಪಾಮ್ ಸ್ಪ್ರಿಂಗ್ಸ್ ಅಂದ ತಕ್ಷಣ ‘ಹೂಂ’ ಅಂತ ಯಾಕೆ ಎಳೀತೀಯ? ಗಾಲ್ಫ್ ಅಂದ್ರೆ ನಿನಗಾಗಲ್ಲ, ಗೊತ್ತು. ಮದುವೆ ಆದ ಗಂಡ ಕೋಲು ಹಿಡ್ಕೊಂಡು ಹುಲ್ಲು ಸವರೋಕೆ ಹೋಗ್ತಾನೆ ಅಂತ ಮೊದಲಿಂದ ಆಡ್ಕೊಂಡೇ ಬಂದಿದ್ದೀಯ. ಆಡ್ಕೋ, ಬೇಡ ಅನ್ನಲ್ಲ. ಆದ್ರೆ ಈ ಸಲ ನೀನೂ ಬಾ. ನಾಲ್ಕೇ ದಿನ. ಇಲ್ಲಿ ಸ್ಯಾನ್ ರಮೋನಲ್ಲಿ ಮೂರು ಹೊತ್ತೂ ಜಿಟಿಜಿಟಿ, ಮೋಡ... ಅಲ್ಲಿ ಜನವರೀಲೂ ಎಂಥ ಬಿಸಿಲು ಗೊತ್ತಾ! ಸುತ್ತ ಬೋಳು ಬೆಟ್ಟ, ತುದೀಲಿ ಹಿಮ, ಕೆಳಗೆ ಮರಳು, ಆ ಮರಳಿನ ಮಧ್ಯೆ ಹಸಿರೋ ಹಸಿರು. ಸಾಯಂಕಾಲ ಬೆಟ್ಟ ಪೂರ್ತಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತೆ. ಇಷ್ಟು ವರ್ಷ ನಾನೊಬ್ಬನೇ ನೋಡಿದೆ. ನೀನು ನೋಡಲೇ ಇಲ್ಲ.

ದ್ವಾರಕಾನಾಥನ ಜೊತೆ ಹೋಗಿ ಅಂದ್ಯಾ? ಪ್ರತಿ ವರ್ಷ ಅವನ ಜೊತೇನೇ ಹೋಗ್ತಿದ್ದೆ, ನಿಜ. ಈ ವರ್ಷ ಅವನು ಬೇಡ. ಅಯ್ಯೋ, ಜಗಳ ಗಿಗಳ ಏನಿಲ್ಲ. ಅವನ ಬಾಯಲ್ಲಿ ಎಳ್ಳುಕಾಳು ನೆನೆಯಲ್ಲ ಅಂತ ನಿನಗೇ ಗೊತ್ತಲ್ಲ. ಒಂದು ವಿಷಯ ತಿಳೀತು ಅಂದ್ರೆ ಅಲ್ಲೆಲ್ಲೋ ಇರೋ ಎವರ್‌ಗ್ರೀನ್ ಬಡಾವಣೆವರೆಗೂ ಡಂಗುರ... ಯಾವ ವಿಷಯ? ಯಾವ ವಿಷಯನೂ ಇಲ್ಲ, ಮಾತಿಗೆ ಹೇಳ್ದೆ. ಒಂದು ಮಾತು ಆಡಿದ್ರೆ ಅದರ ಬಾಲ ಹಿಡ್ಕೊಂಡು ಹೋಗ್ತೀಯಲ್ಲ.

ನೀನು ಆಡೋದೇನೂ ಬೇಡ. ಕಾರ್ಟಲ್ಲಿ ಕೂತ್ಕೋ, ಪುಟ್ಟ ಗಾಡಿ, ಮಕ್ಕಳೂ ಓಡಿಸ್ತಾರೆ. ನಾನು ಹೊಡೀತೀನಿ, ಬಾಲು ಎಲ್ಲಿ ಬಿತ್ತು ಅಂತ ನೀನು ನೋಡಿ ಹೇಳಿದರೆ ಸಾಕು. ಅಷ್ಟೇ ಕೆಲಸ. ಯಾಕೆ ನಗ್ತೀಯ? ಎಲ್ಲರೂ ಹಾಗೇ ಮಾಡೋದು, ಒಬ್ಬರು ಹೊಡೆಯೋದು, ಇನ್ನೊಬ್ಬರು ನೋಡೋದು. ಮರಳುಗಾಡಲ್ಲಿ ಅದೇ ಅನುಕೂಲ, ಬೆಳಕು ಚೆನ್ನಾಗಿರುತ್ತೆ. ಬೆಳಕು ಚೆನ್ನಾಗಿದ್ರೆ... ಆಟಾನೂ ಚೆನ್ನಾಗಿರುತ್ತೆ, ಅಂದೆ.

ಹೋಗೋದು ಕಾರಲ್ಲೇ. ಫ್ರೀವೇನಲ್ಲಿ ನೀನು ಓಡಿಸು. ನಂಗೆ ಬೆನ್ನು ನೋವು ಇದೆಯಲ್ಲ, ಅದಕ್ಕೆ. ಏನು? ಬೆನ್ನು ನೋವಿದ್ರೆ ಗಾಲ್ಫ್ ಹೇಗೆ ಆಡ್ತೀರಾ ಅಂತೀಯ?... ಅದು ಬೇರೆ ಥರ ನೋವು ಕಣೇ. ಕೂತ್ರೆ ನೋವು, ನಿಂತ್ರೆ ಇಲ್ಲ. ಅಂಥದ್ದೂ ಇರುತ್ತೆ. ಗ್ಯಾರೇಜಿನ ಗೋಡೆ ವಿಷಯ ಈಗ ಯಾಕೆ ತೆಗೀತೀಯ? ಹಿಂದಕ್ಕೆ ತಿರುಗೋಕೆ ಆಗ್ಲಿಲ್ಲ, ಕಾರು ತಾಗಿತು, ಅಂತ ಹೇಳಿ ಆಯ್ತಲ್ಲ. ಈ ಗೋಡೆ ಸುದ್ದಿ ಶರಣ್ಯಾ ಕಿವಿಗೆ ಹಾಕಬೇಡ ಮಾತ್ರ. ವಾಲ್ನಟ್ ಕ್ರೀಕಿಂದ ಅವತ್ತೇ ಓಡಿ ಬರ್ತಾಳೆ, ಬಾಗಿಲಲ್ಲಿ ನಿಂತು ಕೈ ಚಾಚ್ತಾಳೆ, ‘ಡ್ಯಾಡ್, ಕೀಸ್.’ ಈ ಊರಲ್ಲಿ ಕೀ ಕೊಟ್ಟ ಮೇಲೆ ಮನುಷ್ಯನಿಗೆ ಉಳಿಯೋದೇನು ಹೇಳು? ಹಾಲು ತರೋಕೂ ಇನ್ನೊಬ್ಬರ ಮುಖ... ಸರಿ ಬಿಡು, ಆ ಮಾತು ಬೇಡ.

ತಾಳು, ಒಂದು ತುತ್ತು ತಿಂದು ಹೇಳ್ತೀನಿ. ಪಲ್ಯ ಏನು ಇವತ್ತು... ಆಹಾ... ಹ್ಹ... ಹ್ಹ... ಏನಿಲ್ಲ, ಏನಿಲ್ಲ. ಕೆಮ್ಮು. ನೀರು ಕೊಡು. ಹಾಂ, ಸಿಕ್ತು. ಅಪ್ಪಾ...

ಉಪ್ಪಿನಕಾಯಿನ ಬಾಯ್ತುಂಬ ತಿನ್ನಬಾರದು ಅಂತ ಎಲ್ಲಿ ಬರ್ದಿದೆ? ಆಸೆ ಆಯ್ತು, ತಿಂದೆ. ನಿಂಬೆಕಾಯಿ ಚೆನ್ನಾಗಿ ನೆನೆದಿದೆ... ಅಲ್ಲ, ತಪ್ಪು ನಿಂದೇ! ಬಲಗಡೆ ಪಲ್ಯ ಇರಬೇಕಾದ ಜಾಗಕ್ಕೆ ಉಪ್ಪಿನಕಾಯಿ ಬಡಿಸೋರುಂಟಾ? ಎಡತುದಿಗೆ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಬಲಕ್ಕೆ ಪಲ್ಯ, ಕೆಳಗೆ ಮೂಲೇಲಿ ಪಾಯಸ. ಬಾಳೆಎಲೆ ಆದ್ರೇನು, ಸ್ಟೀಲ್ ತಟ್ಟೆ ಆದ್ರೇನು, ಬಡಿಸೋಕೆ ಒಂದು ಕ್ರಮ ಇದೆ. ಅಡುಗೆಯವರು ಬಂದು ಮದುವೆಮನೇಲಿ ಬಡಿಸಿದ್ರೂ ಅದೇ. ಕತ್ತಲಲ್ಲಿ ಕೂತ್ರೂ ಕೈ ತಾನಾಗೇ ಹೋಗಬೇಕು.

ಹೌದಮ್ಮಾ, ಸಂಧ್ಯಾವಂದನೆ ಬಿಟ್ಟು ಕಾಲ ಆಯ್ತು. ಯುಗಾದಿ ದಿನ ಪಿಜ್ಜಾ ತರಿಸಿದವನೂ ನಾನೇ. ಅಂಥವನಿಗೆ ದೀಪಾವಳಿ ಆದ ಮೇಲೆ ಇದ್ದಕ್ಕಿದ್ದ ಹಾಗೆ ಬಡಿಸೋ ಶಾಸ್ತ್ರ ಯಾಕೆ ಬೇಕಾಯ್ತು ಅಂದ್ರೆ... ವಯಸ್ಸಾಯ್ತು ಕಣೇ. ವಯಸ್ಸಾದ ಮೇಲೆ ಮನುಷ್ಯನಿಗೆ ಎಲ್ಲ ಇದ್ದಲ್ಲೇ ಇರಲಿ ಅನ್ಸುತ್ತೆ. ಏನಂದೆ? ಬೇಕು ಅಂತಲೇ ಅದಲುಬದಲು ಮಾಡಿ ಬಡಿಸಿದ್ಯಾ?

ಯಾಕೆ?

ಯಾಕೆ ಅಂತ ಕೇಳ್ದೆ... ಆಯ್ತು, ಹೇಳಬೇಡ. ನಾನೂ ಕೇಳಲ್ಲ.

ಗಾಲ್ಫ್ ವಿಷಯ ಮಾತಾಡೋಣ. ಮಾರ್ಚಲ್ಲಿ ನೋಡೋಣ ಅಂತ ಮಾತ್ರ ಅನ್ಬೇಡ. ಮಾರ್ಚ್ ಆಗಲ್ಲ. ಮುಂದಿನ ವರ್ಷವಂತೂ ಬೇಡವೇ ಬೇಡ. ಈ ತಿಂಗಳು, ಆದ್ರೆ ಈ ವಾರ. ಯಾಕಿಷ್ಟು ಅವಸರ ಅಂತ ಕೇಳಬೇಡ, ಕೈ ಮುಗೀತೀನಿ. ಗಂಡ ಒಂದು ಸಲ ಕೇಳಿದ ಅಂತ ಬಂದುಬಿಡಬಾರದಾ? ಆಟ ಕೂಡ ಬೇಡ ಬಿಡು. ಕೋಲು ಮನೇಲೇ ಬಿಟ್ಟು ಹೋಗೋಣ. ನಿನ್ನ ಆ ನವಿಲುಬಣ್ಣದ ಮೈಸೂರ್ ಸಿಲ್ಕ್ ತಗೋ. ಗಾಲ್ಫ್ ಕೋರ್ಸಲ್ಲಿ ಸೀರೆ ಉಟ್ರೆ ಯಾರೂ ಪೊಲೀಸ್ ಕರೆಯಲ್ಲ. ಸಾಯಂಕಾಲದ ಬಿಸಿಲಲ್ಲಿ, ಆ ಬೆಟ್ಟ ಹಿಂದೆ ಇರೋ ಹಾಗೆ, ಸ್ವಲ್ಪ ಹೊತ್ತು ನಿಲ್ಲು. ಅಷ್ಟೇ ಸಾಕು. ನಾನು ನೋಡ್ಬೇಕು. ಫೋಟೋ ಬೇಡ, ಫೋಟೋ ಇಟ್ಕೊಂಡು ನಾನೇನು... ಫೋಟೋ ಬೇಡ. ಹೀಗೇ ನೋಡ್ಬೇಕು. ತುಂಬ ಹತ್ತಿರದಿಂದ, ಒಳ್ಳೆ ಬೆಳಕಲ್ಲಿ, ಇನ್ನೂ ಆಗೋವಾಗಲೇ...

ಮಾತಾಡು.

ಮಾತಾಡೇ ಪದ್ಮಾ. ಬೇಕಾದ್ರೆ ಬೈಯಿ. ಇಷ್ಟು ವರ್ಷ ಗಾಲ್ಫಿಗೆ ಬೈದ್ಯಲ್ಲ, ಇನ್ನೊಂದು ಸಲ ಬೈಯಿ. ಹೀಗೆ ಎದುರಿಗೆ ಕೂತು ಗುಮ್ಮನೆ ನನ್ನೇ ನೋಡ್ತಿದ್ರೆ ನನಗೆ ಭಯ ಆಗುತ್ತೆ. ಅಳ್ತಿದ್ದೀಯಾ? ಅಳಬೇಡವೇ. ನಾನೇನೂ ಹೇಳ್ಲಿಲ್ಲ ಅಲ್ವಾ, ಏನೂ ಹೇಳ್ಲಿಲ್ಲ, ಅಳೋ ಅಂಥದ್ದು ಏನಾಯ್ತು? ಕೈ ಕೊಡು ಇಲ್ಲಿ. ಕೊಡು, ಅಂದೆ. ಸರಿ, ನಾನೇ ಎದ್ದು ಬರ್ತೀನಿ...

ಇದೇನು... ಬರೀ ಸ್ವೆಟರು. ಕುರ್ಚಿ ಬೆನ್ನಿಗೆ ನೇತಾಕಿರೋ ನಿನ್ನ ಸ್ವೆಟರು.

ಪದ್ಮಾ?

...ಇದು ನಿನ್ನ ಕೈ. ನನ್ನ ಬೆನ್ನ ಹಿಂದೆ ಇದ್ದೀಯಾ? ನೀರು ಕೊಟ್ಟಾಗಿಂದ ಇಲ್ಲೇ ನಿಂತಿದ್ದೀಯೇನೇ?